ಕಣ್ಣಿಗೆ ಬೀಳದ ಬಟ್ಟೆ

೩ ಆಗಸ್ಟ್ ೧೯೪೨

ಇಂದಿನಿಂದ ದಿನಚರಿ ಬರೆಯುವುದೆಂದು ನಿಶ್ಚಯಿಸಿದ್ದೇನೆ. ದೊಡ್ಡ ಕೆಲಸ ಮಾಡಿದವರೆಲ್ಲ ದಿನಚರಿ ಬರೆದಿದ್ದಾರೆ. ನಾನು ಕೆಲಸಕ್ಕೆ ಮೊದಲೇ ಬರೆಯಲು ಕುಳಿತಿದ್ದೇನೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಮಾತು ತುಳುವಾದರೂ ಬರವಣಿಗೆಗೆ ಕನ್ನಡವೇ ಸರಿ. ಕನ್ನಡದಲ್ಲಿ ಬರೆದರೆ ಸಣ್ಣ ವಿಷಯಕ್ಕೂ ಒಂದು ಗಾಂಭೀರ್ಯ ಬರುತ್ತದೆ.

ಈ ದಿನ ಊರಿನ ಯುದ್ಧ ಸಮಿತಿಯ ಸಭೆ. ಜಪಾನಿನವರು ಸಮುದ್ರದಿಂದ ಬಂದಾರು ಎಂದು ಕರಾವಳಿ ಕಾಯಲು ಬಂದಿರುವ ಕ್ಯಾಪ್ಟನ್ ದೊರೆ ಒಂದು ಹೊಸ ವಿಷಯ ತಿಳಿಸಿದರು. ಬೇರೆ ದೇಶಗಳಲ್ಲಿ ಸೈನಿಕರಿಗೆ ಈಗ ಚುಕ್ಕೆ ಚುಕ್ಕೆಯ ಬಟ್ಟೆ ಹೊಲಿಸುತ್ತಾರಂತೆ. ಅದನ್ನು ತೊಟ್ಟವನು ಗಿಡ, ಮಣ್ಣು, ನೆರಳುಗಳಲ್ಲಿ ಸೇರಿಹೋಗಿ ವೈರಿಯ ಕಣ್ಣಿಗೆ ಬೀಳುವುದಿಲ್ಲವಂತೆ. ಈ ಊರಿನಲ್ಲಿ ಅಂಥದ್ದನ್ನು ಯಾರಾದರೂ ತಯಾರಿಸಬಲ್ಲರೇ ಎಂದು ಕೇಳಿದರು. ಮೊದಲು ಕೈ ಎತ್ತಿದವನು ನಾನು. ವಕೀಲ ಗುಣಪಾಲರೂ ಎತ್ತುತ್ತಿದ್ದರು, ಆದರೆ ಅವರು ಆ ಹೊತ್ತಿಗೆ ಕನ್ನಡಕ ಒರೆಸುತ್ತಿದ್ದರು. ದೇವರು ದೊಡ್ಡವನು.

ಖಾಕಿ ಬಣ್ಣ ಮೊದಲು ಹುಟ್ಟಿದ್ದೇ ನಮ್ಮ ಮಂಗಳೂರಿನಲ್ಲಿ ಎಂದು ಊರವರು ಹೆಮ್ಮೆಪಡುತ್ತಾರೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದ್ದು ಬೋಳಾರದ ನಮ್ಮ ನೇಯ್ಗೆ ಶೆಡ್ಡಿನಲ್ಲಿ ಹುಟ್ಟಬಾರದೇಕೆ?

ನನಗಾಗಿ ಬರೆಯುವಾಗ ಮುಚ್ಚುಮರೆ ಯಾಕೆ. ನಮ್ಮದು ಅಳಿಯಕಟ್ಟು. ಗದ್ದೆ, ತೆಂಗಿನ ಹಿತ್ತಿಲು, ಶೆಡ್ಡು ಎಲ್ಲವೂ ಕುಟುಂಬದ್ದು. ಯಜಮಾನ ಎಂದರೆ ನಾನು ಕಾವಲುಗಾರ, ನನ್ನ ನಂತರ ಎಲ್ಲ ಅಕ್ಕನ ಮಗನ ಕೈಗೆ. ನನ್ನದು ಎಂದು ಹೇಳಿಕೊಳ್ಳಲು ಒಂದು ಪದವಿಯಾದರೂ ಬೇಡವೇ? ಹೊಸ ವರ್ಷದ ಬಿರುದಿನ ಪಟ್ಟಿಯಲ್ಲಿ ‘ರಾವ್ ಬಹದ್ದೂರ್ ಸರ್ವೋತ್ತಮ ಆಳ್ವ’ ಎಂದಿದ್ದರೆ ಓದಲಿಕ್ಕೂ ಚೆಂದ.

ಹೆಂಡತಿ ಕುಶಲಾಳಿಗೆ ಹೇಳಿದೆ. ಬಹದ್ದೂರ್ ಆದ ಮೇಲೆ ಹಲ್ಲಿ ಕಂಡರೆ ಕುರ್ಚಿ ಹತ್ತುವುದನ್ನು ಬಿಡುತ್ತೀರೋ ಎಂದು ಕೇಳಿದಳು.

೧೧ ಆಗಸ್ಟ್

ಪೇಟೆಯಲ್ಲಿ ಗಾಂಧಿಯವರ ಬಂಧನದ ಗಲಾಟೆ. ಅಂಗಡಿಗಳು ಅರ್ಧ ಬಾಗಿಲು. ಆದರೂ ಬಂದರಿನ ಉಸ್ಮಾನ್ ಬ್ಯಾರಿಯ ಬಣ್ಣದ ಅಂಗಡಿಗೆ ಹೋಗಿಬಂದೆ. ಎಲೆಗೆ ಹಸಿರು, ಮುರಕಲ್ಲಿನ ಮಣ್ಣಿಗೆ ಕೆಂಪು, ನೆರಳಿಗೆ ಕಪ್ಪು. ಕಪ್ಪು ಬಣ್ಣಕ್ಕೆ ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ರಸವೇ ಆಗಬೇಕು, ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ನನ್ನ ಯೋಚನೆ. ಅದು ಚರ್ಮಕ್ಕೆ ಹತ್ತಿದರೆ ಗುಳ್ಳೆ ಏಳುತ್ತದೆ ಎಂದು ಉಸ್ಮಾನ್ ಎಚ್ಚರಿಸಿದ. ಸೈನಿಕರ ಚರ್ಮ ಗಟ್ಟಿ ಎಂದೆ.

೧೯ ಆಗಸ್ಟ್

ಚುಕ್ಕೆಗಳ ಚಿತ್ರ ಬರೆದದ್ದು ನಾನೇ, ಜಗಲಿಯಲ್ಲಿ ಕುಳಿತು, ಹಲಸಿನ ಮರದ ಬುಡವನ್ನು ನೋಡಿಕೊಂಡು. ಬಟ್ಟೆ ತಯಾರಾಗಿ ಬಂದಿದೆ. ಎಳೆ ಮಗು ಮಲಗಿದ್ದ ಚಾಪೆಯ ಹಾಗೆ ಉಂಟು ಎಂದಳು ಕುಶಲಾ. ಕಲೆಯ ವಿಷಯದಲ್ಲಿ ಹೆಂಗಸರ ಅಭಿಪ್ರಾಯ ಕೇಳಬಾರದು.

ದರ್ಜಿ ಒಂದು ಅಂಗಿ, ಒಂದು ಪ್ಯಾಂಟು ಹೊಲಿದುಕೊಟ್ಟ. ಹಾಕಿಕೊಳ್ಳಲು ಯಾರಾದರೂ ಬೇಕಲ್ಲ. ಶೆಡ್ಡಿನಲ್ಲಿ ಒಬ್ಬ ಆಳು ಇದ್ದಾನೆ. ಅವನಿಗೆ ಹೇಳಿದರಾಯಿತು.

೨೪ ಆಗಸ್ಟ್

ಇಂದು ಚರಿತ್ರೆಯಲ್ಲಿ ಬರೆದಿಡುವ ದಿನ. ಸಾವಧಾನವಾಗಿ ಬರೆಯುತ್ತೇನೆ.

ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ. ಕ್ಯಾಪ್ಟನ್ ದೊರೆ ದುರ್ಬೀನು ತಂದಿದ್ದರು. ಗುಣಪಾಲರು ಸಂಶಯವನ್ನು ತಂದಿದ್ದರು. ಆಳು ಚುಕ್ಕೆ ಬಟ್ಟೆ ತೊಟ್ಟು ನಮ್ಮ ಹಿತ್ತಿಲಲ್ಲಿ ಎಲ್ಲಾದರೂ ಇರುವುದು, ನಾವು ಮೂವರು ಜಗಲಿಯಲ್ಲಿ ಕುಳಿತು ಅವನನ್ನು ಹುಡುಕುವುದು ಎಂದು ನಿಬಂಧನೆ.

ಹುಡುಕಿದೆವು. ಕ್ಯಾಪ್ಟನ್ ದೊರೆ ಹಲಸಿನ ಮರವನ್ನು ಕೊಂಬೆ ಕೊಂಬೆಯಾಗಿ ನೋಡಿದರು. ಗುಣಪಾಲರು ಬಾವಿಕಟ್ಟೆಯ ಹಿಂದೆ ಏನೋ ಅಲ್ಲಾಡಿತು ಎಂದರು. ಹೋಗಿ ನೋಡಿದರೆ ನಮ್ಮ ಕರು. ನಡುವೆ ಸೆಕೆ ಎಂದು ಬೊಂಡ ತರಿಸಿದೆ. ಎಳನೀರು ಕುಡಿದೆವು, ಖಾಲಿ ಬೊಂಡ ಹಿಂದೆ ಕೊಟ್ಟೆವು, ಮತ್ತೆ ಹುಡುಕಿದೆವು. ಕಡೆಗೆ ದೊರೆ ಸೋತೆನೆಂದು ಕೈ ಮೇಲೆತ್ತಿದರು. ನಾನು ಆಳನ್ನು ಕೂಗಿ ಕರೆದೆ.

ಅವನು ನಮ್ಮ ಪಕ್ಕದಿಂದಲೇ ‘ಧನಿ’ ಎಂದ.

ಜಗಲಿಯ ಕಂಬಕ್ಕೆ ತಾಗಿಕೊಂಡು ನಿಂತಿದ್ದ. ಕೈಯಲ್ಲಿ ನಾಲ್ಕು ಖಾಲಿ ಬೊಂಡ. ಅಡುಗೆಯವನು ಇಂದು ಬಾರದಿದ್ದುದರಿಂದ ಬೊಂಡ ಕೆತ್ತಿ ತಂದುಕೊಟ್ಟವನು ಅವನೇ ಅಂತೆ. ದೊರೆಯ ಕೈಗೆ ಕೊಟ್ಟದ್ದೂ ಅವನೇ, ಗುಣಪಾಲರು ‘ಇನ್ನೊಂದು ತಾ’ ಎಂದದ್ದೂ ಅವನಿಗೇ. ನಮಗೆ ಮೂವರಿಗೂ ಅವನು ಕಂಡಿರಲಿಲ್ಲ!

ಕ್ಯಾಪ್ಟನ್ ದೊರೆ ಎದ್ದು ನನ್ನ ಕೈ ಕುಲುಕಿದರು. ವಿಲಾಯಿತಿಯ ಬಟ್ಟೆ ನೂರು ಗಜ ದೂರದಲ್ಲಿ ಮನುಷ್ಯನನ್ನು ಮರೆಸಿದರೆ ದೊಡ್ಡದು, ಇದು ಎರಡು ಅಡಿಯಲ್ಲೇ ಮರೆಸಿತಲ್ಲ ಎಂದರು. ಗುಣಪಾಲರ ಮುಖ ಹರಳೆಣ್ಣೆ ಕುಡಿದವರದ್ದು.

೨೫ ಆಗಸ್ಟ್

ಮಧ್ಯಾಹ್ನ ಊಟ ಬಡಿಸುತ್ತ ಕುಶಲಾ ಕೇಳಿದಳು: ‘ನಿನ್ನೆ ಬೊಂಡ ಕೊಟ್ಟನಲ್ಲ, ಅವನ ಹೆಸರು ಎಂತ?’

ಶೆಡ್ಡಿನ ಆಳು ಎಂದೆ.

‘ಅವನು ನಮ್ಮಲ್ಲಿಗೆ ಬರ್ಲಿಕ್ಕೆ ಸುರು ಮಾಡಿ ಹತ್ತು ವರ್ಷದ ಮೇಲಾಯ್ತು. ಅವನ ಹೆಸರು ಬೋಜ. ನಿಮ್ಮ ಪುಸ್ತಕದಲ್ಲಿ ಬರ್ದುಕೊಳ್ಳಿ.’

ಬರೆದುಕೊಂಡಿದ್ದೇನೆ. ಬೋಜ. ಸಮಿತಿಯ ವರದಿಗೂ ಬೇಕಾದೀತು.

೧೨ ಸೆಪ್ಟೆಂಬರ್

ಎರಡನೆಯ ಪರೀಕ್ಷೆ ಮೊದಲಿನದಕ್ಕಿಂತ ಮೇಲೆ. ಯುದ್ಧ ಸಮಿತಿಯ ಸಭೆಗೇ ಬೋಜನನ್ನು ನುಗ್ಗಿಸುವುದೆಂದು ಕ್ಯಾಪ್ಟನ್ ದೊರೆ ಹೂಡಿದ ಆಟ. ಸದಸ್ಯರಿಗೆಲ್ಲ ಮುಂಚಿತವಾಗಿ ತಿಳಿಸಲಾಗಿತ್ತು: ಚುಕ್ಕೆ ಬಟ್ಟೆಯವನೊಬ್ಬ ಒಳಗೆ ಬಂದು ಏನನ್ನಾದರೂ ಎತ್ತಿಕೊಂಡು ಹೋಗುತ್ತಾನೆ, ಕಣ್ಣಿಟ್ಟಿರಿ ಎಂದು. ಜಮೀನ್ದಾರರು, ವಕೀಲರು, ಹಂಚಿನ ಕಾರ್ಖಾನೆಯ ಮಾಲೀಕರು, ಪಾದ್ರಿಗಳು, ಒಬ್ಬರು ನಿವೃತ್ತ ಜಡ್ಜ್. ಎಲ್ಲರೂ ಕಣ್ಣು ಅಗಲಿಸಿಕೊಂಡೇ ಬಂದರು. ಸಭೆ ಮುಗಿಯುವ ತನಕ ಕಿಟಕಿ, ಪರದೆ, ಮೇಜಿನ ಅಡಿ, ಎಲ್ಲಾ ಕಡೆ ನೋಡಿದರು.

ಹೊರಡುವಾಗ ಹೊರಗೆ ಜೋರು ಮಳೆ. ಒಬ್ಬರ ಕೊಡೆಯೂ ಇಲ್ಲ.

ಕೊಡೆಗಳೆಲ್ಲ ಬೋಜನ ಬಳಿ ಹಿಂದಿನ ಕೋಣೆಯಲ್ಲಿದ್ದವು. ಕದ್ದದ್ದಲ್ಲ. ಅವನು ಬಾಗಿಲಲ್ಲಿ ನಿಂತಿದ್ದನಂತೆ, ಬಂದ ಬಂದವರು ಒದ್ದೆ ಕೊಡೆ ಮಡಚಿ ಅವನ ಕೈಗೆ ಕೊಟ್ಟು ಅವನನ್ನೇ ಹುಡುಕಲು ಒಳಗೆ ಹೋದರಂತೆ. ಜಡ್ಜರು ತಮ್ಮ ಕೋಟನ್ನೂ ಕೊಟ್ಟಿದ್ದರು.

ಚಪ್ಪಾಳೆಯೋ ಚಪ್ಪಾಳೆ. ಬಟ್ಟೆಗೆ ನನ್ನ ಹೆಸರಿಡಬೇಕೆಂದು ಪಾದ್ರಿಗಳು ಸೂಚಿಸಿದರು. ನಾನು ಬೇಡವೆಂದೆ, ಒಂದು ಸಲ ಮಾತ್ರ.

೧೫ ಸೆಪ್ಟೆಂಬರ್

ಒಂದು ಸಣ್ಣ ತೊಡಕು. ಬೋಜನನ್ನು ಚುಕ್ಕೆ ಬಟ್ಟೆಯಲ್ಲೇ ಬಂದರಿಗೆ ಕಳಿಸಿದೆ, ಜನಸಂದಣಿಯಲ್ಲಿ ಹೇಗೆಂದು ನೋಡಲು. ನಾನು ಉಸ್ಮಾನನ ಅಂಗಡಿಯಲ್ಲಿ ಕುಳಿತಿದ್ದೆ. ಮೀನು ಮಾರುವ ಹೆಂಗಸರು ದೂರದಿಂದಲೇ ಇದೆಂತ ವೇಷ ಬೋಜಣ್ಣ ಎಂದು ಕರೆದು ನಕ್ಕರು. ಮೂಟೆ ಹೊರುವವರು ಕಂಡರು. ಗಾಡಿಯವರು ಕಂಡರು. ನಾಯಿಗಳೂ ಕಂಡವು. ಉಸ್ಮಾನ್ ತಲೆ ಎತ್ತದೆ, ‘ನಿಮ್ಮ ಬೋಜ ಬಂದ’ ಎಂದ.

ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಈ ಬಟ್ಟೆ ಓದುಬರಹ ಬಲ್ಲವರ ಕಣ್ಣನ್ನು ಮರೆಸುತ್ತದೆ, ಉಳಿದವರ ಮೇಲೆ ನಡೆಯುವುದಿಲ್ಲ. ಜಪಾನಿನ ಸೈನ್ಯಾಧಿಕಾರಿಗಳು ಬಹಳ ಓದಿದವರಂತೆ. ಆದ್ದರಿಂದ ಆತಂಕವಿಲ್ಲ.

೨೨ ಸೆಪ್ಟೆಂಬರ್

ಬೋಜ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ. ಬೆನ್ನಿನ ಮೇಲೆ ಕೇರು ಹತ್ತಿ ಬೊಕ್ಕೆ ಎದ್ದಿದೆಯಂತೆ. ಕಪ್ಪು ಚುಕ್ಕೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ. ಕುಶಲಾ ತೆಂಗಿನೆಣ್ಣೆ ಕಳಿಸಿದಳು. ಬಣ್ಣ ಅಷ್ಟು ಗಟ್ಟಿಯಾಗಿ ಹಿಡಿದಿದೆ ಎಂದಾಯಿತು.

೪ ಅಕ್ಟೋಬರ್

ಗುಣಪಾಲರಿಗೆ ನನ್ನ ಏಳ್ಗೆ ಸಹಿಸುತ್ತಿಲ್ಲ. ಪ್ರತಿಸಲವೂ ಅದೇ ಮನುಷ್ಯ ಏಕೆ, ಬೇರೆಯವರು ತೊಡಲಿ ಎಂದು ಹಠ ಹಿಡಿದರು. ಅವರ ಕೈಕೆಳಗಿನ ಕಿರಿಯ ವಕೀಲರು ಚುಕ್ಕೆ ಬಟ್ಟೆ ತೊಟ್ಟು ಬಿದಿರ ಮೆಳೆಯ ಹಿಂದೆ ಅಡಗಿದರು. ಜಡ್ಜರು ಕಾರಿನಿಂದ ಇಳಿಯುವ ಮೊದಲೇ, ‘ಏನಯ್ಯಾ, ಅಲ್ಲಿ ಏನು ಮಾಡ್ತಿದ್ದೀರಿ, ತಂದೆಯವರು ಸೌಖ್ಯವೇ’ ಎಂದು ಕೇಳಿಬಿಟ್ಟರು.

ಬಿರುದು ಕೈತಪ್ಪಿತೆಂದುಕೊಂಡೆ. ಆದರೆ ಕ್ಯಾಪ್ಟನ್ ದೊರೆ ಬುದ್ಧಿವಂತರು. ಬಟ್ಟೆಯಷ್ಟೇ ಸಾಲದು, ಅದನ್ನು ತೊಡುವ ವಿದ್ಯೆಯೂ ಬೇಕು, ಆ ವಿದ್ಯೆ ಬೋಜನಿಗೆ ಸಿದ್ಧಿಸಿದೆ ಎಂದರು. ಎಲ್ಲರೂ ಒಪ್ಪಿದರು. ನಾನು ಎಲ್ಲರಿಗಿಂತ ಬೇಗ ಒಪ್ಪಿದೆ.

೧೮ ಅಕ್ಟೋಬರ್

ಸಮಿತಿ ಕಳಿಸಿದ ವರದಿಗೆ ಮದ್ರಾಸಿನ ಸೈನ್ಯದ ಕಚೇರಿಯಿಂದ ಉತ್ತರ ಬಂದಿದೆ. ಬಟ್ಟೆಯನ್ನು ಬರ್ಮಾ ಗಡಿಯಲ್ಲಿ, ನಿಜವಾದ ವೈರಿಯ ಮುಂದೆ ಪರೀಕ್ಷಿಸುತ್ತಾರಂತೆ. ಬಟ್ಟೆಯ ಜತೆಗೆ ಬೋಜನೂ ಹೋಗಬೇಕು. ಅವನು ಅದನ್ನು ತೊಟ್ಟು ಜಪಾನಿನವರ ಕಾವಲಿನ ಎದುರು ಹಗಲಲ್ಲೇ ನಡೆದು ತೋರಿಸಿದರೆ, ಆಮೇಲೆ ಪಲ್ಟನ್ನಿಗೆಲ್ಲ ಅದೇ ಬಟ್ಟೆ. ಅದಕ್ಕೆ ಮೊದಲು ಕರ್ನಲ್ ದೊರೆ ಇಲ್ಲಿಗೇ ಬಂದು ಒಮ್ಮೆ ನೋಡಿಹೋಗುತ್ತಾರೆ.

ಬಿರುದಿನ ವಿಷಯ ಇನ್ನು ಕೈಗೆ ಬಂದಂತೆಯೇ ಎಂದು ಜಡ್ಜರು ಬೆನ್ನು ತಟ್ಟಿದರು. ಕ್ಯಾಪ್ಟನ್ ದೊರೆ ಮಾತ್ರ ಒಂದು ಪ್ರಶ್ನೆ ಕೇಳಿದರು: ಸ್ಟೇಷನ್ನಿನಲ್ಲಿ ಬೋಜನನ್ನು ಗುರುತು ಹಿಡಿಯುವುದು ಹೇಗೆ, ಮುಖದಲ್ಲಿ ಏನಾದರೂ ಗುರುತು ಇದೆಯೇ? ನಾನು ಯೋಚಿಸಿ ನೋಡಿದೆ. ಹಾಗೆಂದು ವಿಶೇಷ ಗುರುತೇನೂ ಇಲ್ಲ ಎಂದೆ.

೨೭ ಅಕ್ಟೋಬರ್

ಬೆಳಿಗ್ಗೆ ಬೋಜನ ಹೆಂಡತಿ, ಬಾಗಿ ಎಂಬವಳು, ಬಂದಿದ್ದಳು. ಹೊಳೆಯಾಚೆ ತೊಕ್ಕೊಟ್ಟಿನಿಂದ ಮೊದಲ ದೋಣಿಗೇ ಬಂದವಳು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದಳಂತೆ, ಈಗ ಬಸುರಿಗೆ ಏಳು ತಿಂಗಳಾದ್ದರಿಂದ ಬಿಟ್ಟಿದ್ದಾಳೆ. ಅಂಗಳದಲ್ಲೇ ನಿಂತಳು. ಕುಶಲಾ ಎಷ್ಟು ಹೇಳಿದರೂ ಮೆಟ್ಟಿಲಲ್ಲಿ ಕೂರಲಿಲ್ಲ.

ಹೆದರುವುದು ಬೇಡ, ಈ ಬಟ್ಟೆ ತೊಟ್ಟವನನ್ನು ಯಾರೂ ಕಾಣಲಾರರು, ಊರಿನ ದೊಡ್ಡ ದೊಡ್ಡವರಿಗೇ ಕಾಣಲಿಲ್ಲ ಎಂದು ಅವಳಿಗೆ ಸಮಾಧಾನ ಹೇಳಿದೆ. ಅವಳು ನೆಲ ನೋಡುತ್ತ ಹೇಳಿದಳು:

‘ಜಪಾನಿನವರು ನಮ್ಮ ಧನಿಗಳಲ್ಲ ಅಲ್ವಾ. ಅವರು ಇವರನ್ನು ನೋಡ್ತಾರೆ.’

ಕುಶಲಾ ಒಳಗೆ ಹೋಗಿಬಿಟ್ಟಳು. ನಾನು ಬಟ್ಟೆಯ ಬಣ್ಣಗಳ ವಿಷಯ ಇನ್ನೂ ಸ್ವಲ್ಪ ವಿವರಿಸಿದೆ. ಯಾರೂ ಕೇಳುತ್ತಿರಲಿಲ್ಲ.

೨೮ ಅಕ್ಟೋಬರ್

ನಿದ್ದೆ ಬರಲಿಲ್ಲ. ಸೊಳ್ಳೆ.

೨೯ ಅಕ್ಟೋಬರ್

ಸೊಳ್ಳೆಪರದೆ ಕಟ್ಟಿಸಿದೆ. ಆದರೂ ಬರಲಿಲ್ಲ.

೩ ನವೆಂಬರ್

ವೈಜ್ಞಾನಿಕ ದೃಷ್ಟಿಯಿಂದ ಬೋಜನನ್ನು ಒಂದು ದಿನವಿಡೀ ಗಮನಿಸುವುದು ಒಳ್ಳೆಯದೆಂದು ಶೆಡ್ಡಿಗೆ ಹೋಗಿ ಕುಳಿತೆ. ಅವನು ನೂಲಿನ ಕಟ್ಟು ಹೊರುತ್ತಾನೆ, ಎಡ ಹೆಗಲ ಮೇಲೆ, ಬಲಗಡೆಯ ಬೊಕ್ಕೆ ಇನ್ನೂ ಒಣಗಿಲ್ಲವಾದ್ದರಿಂದ. ಮಗ್ಗದ ಹೆಂಗಸರು ಏನು ಕೇಳಿದರೂ ಹೂಂಗುಡುತ್ತಾನೆ, ಆದರೆ ಕೇಳಿದ್ದನ್ನು ತಂದುಕೊಡುತ್ತಾನೆ. ಮಧ್ಯಾಹ್ನ ಗಂಜಿಗೆ ಮೊದಲು ತಲೆಗೆ ನೀರು ಚಿಮುಕಿಸಿಕೊಳ್ಳುತ್ತಾನೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಇವುಗಳಿಂದ ಯುದ್ಧಕ್ಕೆ ಏನು ಪ್ರಯೋಜನ ಎಂದು ಇನ್ನೂ ತಿಳಿದಿಲ್ಲ. ಸುಮ್ಮನೆ ಬರೆದಿಟ್ಟಿದ್ದೇನೆ.

ಸಂಜೆ ದೋಣಿಗೆ ಹೊರಟವನನ್ನು ಕರೆದು, ಬರ್ಮಕ್ಕೆ ಹೋಗ್ತೀಯಾ ಎಂದು ಕೇಳಿದೆ.

‘ಧನಿಗಳು ಹೇಳಿದ್ರೆ ಹೋಗುದು.’

ಹೆದರಿಕೆ ಉಂಟೋ ಎಂದೆ. ಅವನು ದೋಣಿಯ ಕಡೆ ನೋಡಿ, ‘ಈ ಅಂಗಿ ಹಾಕಿದ ಮೇಲೆ ಧನಿಗಳು ನನ್ನ ಹೆಸರು ಹಿಡಿದು ಕರೀಲಿಕ್ಕೆ ಸುರು ಮಾಡಿದ್ರಿ. ಅದೊಂದು ಆಯ್ತಲ್ಲ’ ಎಂದ.

ವ್ಯಂಗ್ಯವಾಗಿ ಹೇಳಿದ್ದಲ್ಲ. ವ್ಯಂಗ್ಯವಾಗಿದ್ದರೆ ಬೈಯಬಹುದಿತ್ತು.

೧೧ ನವೆಂಬರ್

ಕ್ಯಾಪ್ಟನ್ ದೊರೆಯ ಬಂಗಲೆಗೆ ಹೋಗಿದ್ದೆ. ಬಟ್ಟೆಯ ಬಗ್ಗೆ ನನಗೇ ಒಂದೆರಡು ಅನುಮಾನಗಳಿವೆ ಎಂದು ಹೇಳಬೇಕೆಂದಿದ್ದೆ. ಹೇಳಿದೆ ಕೂಡ. ದೊರೆ ನಕ್ಕು, ಭಾರತೀಯರ ವಿನಯ ಎಂದು ಚುರುಟು ಕೊಟ್ಟರು.

ಹೊರಗೆ ಬರುವಾಗ ಗುಣಪಾಲರು ಸಿಕ್ಕಿದರು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ಗೊತ್ತಾಯಿತು, ವಕೀಲರಲ್ಲವೇ. ಹೆಗಲ ಮೇಲೆ ಕೈಹಾಕಿ ಮೆಲ್ಲಗೆ ಹೇಳಿದರು: ‘ಬಿರುದಿನ ಪಟ್ಟಿ ಡಿಸೆಂಬರ್ ನಡುವಿಗೆ ಅಖೈರಾಗ್ತದೆ ಆಳ್ವರೇ. ಎಂತ ಹೇಳುದಿದ್ರೂ ಆಮೇಲೆ ಹೇಳಿ. ಈಗ ಬಾಯಿ ಬಿಟ್ರೆ ನಿಮಗೂ ಇಲ್ಲ, ಬಟ್ಟೆಗೂ ಇಲ್ಲ.’ ಅವರು ನನ್ನ ಹಿತ ನೋಡಿದ್ದು ಇದೇ ಮೊದಲು. ನನ್ನದು ತಪ್ಪಿದರೆ ಅದು ಅವರಿಗೇ ಎಂದು ಊರಿಗೆಲ್ಲ ಗೊತ್ತಿದ್ದೂ ಹಾಗೆ ಹೇಳಿದರಲ್ಲ ಎಂದು ಆಶ್ಚರ್ಯವಾಯಿತು.

ಬೋಜನ ರೈಲು ಡಿಸೆಂಬರ್ ಎಂಟಕ್ಕೆ. ಪಟ್ಟಿಗಿಂತ ಮೊದಲು.

೩೦ ನವೆಂಬರ್

ಕರ್ನಲ್ ದೊರೆ ಶನಿವಾರ ಬರುತ್ತಾರೆ. ಪರೀಕ್ಷೆಗೆ ಸ್ಥಳ ಆರಿಸುವ ಕೆಲಸ ನನ್ನದು. ಕದ್ರಿ ಗುಡ್ಡೆಯ ಇಳಿಜಾರು ಎಂದು ತಿಳಿಸಿದ್ದೇನೆ. ಪೊದೆ ಇದೆ, ಕೆಂಪು ಮಣ್ಣು ಇದೆ, ನೆರಳು ಇದೆ. ಚುಕ್ಕೆ ಬಟ್ಟೆಗೆ ಹೇಳಿ ಮಾಡಿಸಿದ ಜಾಗ.

ಕುಶಲಾ ಇಂದು ನನ್ನೊಡನೆ ಮಾತನಾಡಲಿಲ್ಲ. ಸಾರಿಗೆ ಉಪ್ಪೂ ಹಾಕಿರಲಿಲ್ಲ. ಕೇಳಲಿಲ್ಲ ನಾನು.

೫ ಡಿಸೆಂಬರ್

ಮೈಯೆಲ್ಲ ಉರಿ. ಕುಳಿತು ಬರೆಯಲು ಆಗುವುದಿಲ್ಲ, ನಿಂತು ಬರೆಯುತ್ತಿದ್ದೇನೆ.

ಮಧ್ಯಾಹ್ನದ ಮೇಲೆ ಬೋಜ ಬಟ್ಟೆ ತೊಡಲು ಬಂದ. ಬೆನ್ನಿನ ಒಂದು ಕಡೆ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಮತ್ತೆ ಆ ಅಂಗಿ ಹಾಕುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ, ಕರ್ನಲ್ ದೊರೆಗೆ ಅಸಹ್ಯವಾದೀತು ಎಂದು ಹೊಳೆಯಿತು. ಅದಲ್ಲದೆ, ಬಟ್ಟೆಯನ್ನು ಕಂಡುಹಿಡಿದವನೇ ತೊಟ್ಟು ತೋರಿಸಿದರೆ ಬಿರುದಿಗೆ ಇನ್ನಷ್ಟು ಬಲ ಬಂದೀತಲ್ಲವೇ. ಹೀಗೆಲ್ಲ ಯೋಚಿಸಿ, ಬೋಜನಿಗೆ ಮನೆಗೆ ಹೋಗೆಂದು ಹೇಳಿ, ನಾನೇ ತೊಟ್ಟೆ. ಹೊಟ್ಟೆಯ ಹತ್ತಿರ ಒಂದು ಗುಂಡಿ ಹಾಕಲಾಗಲಿಲ್ಲ. ಕುಶಲಾ ಬಂದು ಅಲ್ಲೊಂದು ಪಿನ್ನು ಚುಚ್ಚಿದಳು. ಕೆಲವು ದಿನಗಳ ನಂತರ ಇಂದು ಮಾತನಾಡಿದಳು. ಜಾಗ್ರತೆ ಎಂದಳು.

ಸಂಜೆ ಗುಡ್ಡೆಯ ಕೆಳಗೆ ರಸ್ತೆಯ ಬದಿಯಲ್ಲಿ ಕರ್ನಲ್, ಕ್ಯಾಪ್ಟನ್, ಗುಣಪಾಲರು, ಜಡ್ಜರು ಕುರ್ಚಿ ಹಾಕಿಸಿ ಕುಳಿತಿದ್ದರು. ಬೋಜನೇ ಬಂದಿದ್ದಾನೆಂದು ಅವರ ಎಣಿಕೆ. ನಾನು ಹಿಂದಿನಿಂದ ಗುಡ್ಡೆ ಹತ್ತಿ ಒಂದು ಕೇಪಳ ಪೊದೆಯ ನಡುವೆ ಅಡಗಿ ಮಲಗಿದೆ. ನಿಜ ಹೇಳಬೇಕೆಂದರೆ ನನ್ನ ಚಿತ್ರದ ಬಗ್ಗೆ ನನಗೇ ಹೆಮ್ಮೆಯೆನಿಸಿತು. ತೋಳು ಯಾವುದು, ಎಲೆ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಆಗ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ದಾರಿಯಲ್ಲಿ ಬಂದಳು. ಪೊದೆಯ ಹತ್ತಿರ ಬಂದು ನಿಂತಳು. ಹೊರೆ ಕೆಳಗೆ ಹಾಕಿ, ಪಕ್ಕಕ್ಕೆ ಸರಿದು, ಕೈಮುಗಿದಳು. ಹೋಗು ಎಂದು ಕೈಸನ್ನೆ ಮಾಡಿದೆ. ಅವಳು ಅದನ್ನು ಅಲ್ಲೇ ನಿಲ್ಲು ಎಂದು ತಿಳಿದುಕೊಂಡಳು.

ಆಮೇಲೆ ದನ ಅಟ್ಟಿಕೊಂಡು ನಮ್ಮ ಒಕ್ಕಲು ಮುದ್ದು ಬಂದ. ತಲೆಯ ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನಿಂತ. ಹಿಂದೆಯೇ ಇನ್ನಿಬ್ಬರು. ಧನಿಗಳು ಬಿದ್ದಿದ್ದಾರೆಂದು ಒಬ್ಬ, ಎಂತದೋ ಹರಕೆಯಿರಬೇಕೆಂದು ಇನ್ನೊಬ್ಬ. ತಾಳೆಮರದ ಮೇಲಿದ್ದ ಶೇಂದಿಯವನು, ಧನಿಗಳು ನೆಲದಲ್ಲಿರುವಾಗ ತಾನು ಮೇಲಿರುವುದು ಸರಿಯಲ್ಲವೆಂದು ಇಳಿದು ಬಂದ. ನಾನು ಪಿಸುದನಿಯಲ್ಲಿ ಬೈದೆ. ಬೈಗುಳ ಸರಿಯಾಗಿ ಕೇಳಿಸಲೆಂದು ಅವರು ಇನ್ನೂ ಹತ್ತಿರ ಬಂದರು. ಅಪ್ಪಣೆಯಾಗದೆ ಹೋಗುವ ಹಾಗಿಲ್ಲ, ಅಪ್ಪಣೆ ಕೊಡಲು ನಾನು ಏಳುವ ಹಾಗಿಲ್ಲ. ಪೊದೆಯ ಸುತ್ತ ಜನ ಸಾಲುಗಟ್ಟಿ ನಿಂತರು.

ಕರ್ನಲ್ ದೊರೆ ದುರ್ಬೀನು ತೆಗೆಯಲೇ ಇಲ್ಲವಂತೆ. ಎಲ್ಲರೂ ಯಾರಿಗೆ ಕೈಮುಗಿಯುತ್ತಿದ್ದಾರೋ ಆ ದಪ್ಪ ಮನುಷ್ಯ ಯಾರು ಎಂದು ಕೇಳಿದರಂತೆ.

ಎದ್ದು ಕೆಳಗೆ ಹೋದೆ. ಬೋಜ ಎಲ್ಲಿ ಎಂದು ಕ್ಯಾಪ್ಟನ್ ಕೇಳಿದರು. ಜ್ವರ ಎಂದೆ. ಹಾಗಾದರೆ ಪರೀಕ್ಷೆ ಅಸಿಂಧು, ಆ ವಿದ್ಯೆ ಇರುವುದು ಅವನಿಗಲ್ಲವೇ, ಎಂಟನೇ ತಾರೀಖು ಅವನು ಹೊರಡಲಿ ಎಂದರು ಕ್ಯಾಪ್ಟನ್. ಕರ್ನಲ್ ದೊರೆ ನನ್ನ ಕಡೆ ತಿರುಗಿದರು. ಅವನು ತೊಟ್ಟರೆ ಈ ಬಟ್ಟೆ ನಡೆಯುತ್ತದೆಯೇ, ಒಂದೇ ಮಾತಿನಲ್ಲಿ ಹೇಳಿ ಎಂದರು.

ಗುಣಪಾಲರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲೇ ಬೇಡ ಎನ್ನುತ್ತಿದ್ದರೋ, ಹೇಳು ಎನ್ನುತ್ತಿದ್ದರೋ ತಿಳಿಯಲಿಲ್ಲ. ಅಂಗಿಯೊಳಗೆ ಆಗಲೇ ಉರಿ ಹತ್ತಿತ್ತು. ನನಗೆ ಇಂಗ್ಲಿಷ್ ಬೇಕಾದಷ್ಟು ಬರುತ್ತದೆ, ಆ ಹೊತ್ತಿಗೆ ಒಂದು ಶಬ್ದವೂ ಬರಲಿಲ್ಲ.

‘ಇಲ್ಲ,’ ಎಂದೆ, ಕನ್ನಡದಲ್ಲೇ. ‘ಬಟ್ಟೆಯಿಂದ ಎಂತ ಆದದ್ದೂ ಅಲ್ಲ. ಅದಕ್ಕಿಂತ ಮೊದಲೂ ನಾವು ಅವನನ್ನು ನೋಡಿದವರಲ್ಲ.’

ಗುಣಪಾಲರು ಅದನ್ನು ಇಂಗ್ಲಿಷಿಗೆ ಮಾಡಿದರು. ಅವರ ಇಂಗ್ಲಿಷಿನಲ್ಲಿ ಅದು ‘ನೋ’ ಎಂದಷ್ಟೇ ಆಯಿತು.

ಉರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೇಳುವ ಉದ್ದೇಶವಿರಲಿಲ್ಲ.

೬ ಡಿಸೆಂಬರ್

ಬೊಕ್ಕೆ. ಕುಶಲಾ ತೆಂಗಿನೆಣ್ಣೆ ಹಚ್ಚುತ್ತ ಒಂದು ಮಾತು ಹೇಳಿದಳು. ಸಂಜೆ ಆ ಹೊತ್ತಿಗೆ ನಮ್ಮ ಕದ್ರಿಯ ಒಕ್ಕಲುಗಳೆಲ್ಲ ನಡೆಯುವ ದಾರಿ ಅದೊಂದೇ, ನಿಮಗೆ ಗೊತ್ತಿರಲಿಲ್ಲವೋ ಎಂದು. ಜಾಗ ಆರಿಸುವಾಗ ಅಂಥ ಸಣ್ಣ ವಿಷಯಗಳು ನೆನಪಿರುತ್ತವೆಯೇ? ಪೊದೆಯನ್ನು ಮಾತ್ರ ನೋಡಿದ್ದೆ.

ಅವಳು ಬಹಳ ಹೊತ್ತು ಹಚ್ಚಿದಳು.

೮ ಡಿಸೆಂಬರ್

ಬಟ್ಟೆ ತಿರಸ್ಕೃತ. ಯಾವ ದೂರದಿಂದ ನೋಡಿದರೂ ಎದ್ದು ಕಾಣುತ್ತದೆ ಎಂದು ಕರ್ನಲ್ ಬರೆದಿದ್ದಾರಂತೆ. ಬೋಜನ ಅವಶ್ಯಕತೆಯಿಲ್ಲ.

ರೈಲು ಹೋಗುವ ಹೊತ್ತಿಗೆ ಶೆಡ್ಡಿಗೆ ಹೋದೆ. ಎಡ ಹೆಗಲ ಮೇಲೆ ನೂಲಿನ ಕಟ್ಟು ಹೊತ್ತು ಹೋಗುತ್ತಿದ್ದ. ಸರಿ ಎಂದು ಮನೆಗೆ ಬಂದೆ.

೨೦ ಡಿಸೆಂಬರ್

ಉಳಿದ ಚುಕ್ಕೆ ಬಟ್ಟೆಯನ್ನು ಉಸ್ಮಾನ್ ಮುಟ್ಟಲೂ ಒಪ್ಪಲಿಲ್ಲ. ಬೋಜ ಆ ಅಂಗಿ ಪ್ಯಾಂಟನ್ನು ಕೇಳಿ ತೆಗೆದುಕೊಂಡು ಹೋಗಿ, ತೊಕ್ಕೊಟ್ಟಿನ ತನ್ನ ಗದ್ದೆಯ ಬೆರ್ಚಪ್ಪನಿಗೆ ತೊಡಿಸಿದ್ದಾನೆ. ಹಕ್ಕಿಗಳು ಆಚೆ ಗದ್ದೆಯಿಂದಲೇ ಕಂಡು ಹಿಂತಿರುಗುತ್ತವಂತೆ. ಇಷ್ಟು ಒಳ್ಳೆಯ ಬಟ್ಟೆ ಇದುವರೆಗೆ ಸಿಕ್ಕಿರಲಿಲ್ಲ ಎಂದು ಸಂತೋಷದಿಂದ ಹೇಳಿದ. ನನ್ನ ಚಿತ್ರಕ್ಕೆ ಸಿಕ್ಕ ಏಕೈಕ ಪ್ರಶಂಸೆ.

೧ ಜನವರಿ ೧೯೪೩

ರಾವ್ ಬಹದ್ದೂರ್ ಗುಣಪಾಲ.

೨ ಜನವರಿ

ಬಾಗಿಗೆ ಹೆಣ್ಣು ಮಗು. ಕುಶಲಾ ದೋಣಿ ಹತ್ತಿ ನೋಡಿಬಂದಳು. ಮಗುವಿಗೆ ತಂದೆಯದೇ ಮೂಗಂತೆ. ಬೋಜನ ಮೂಗು ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಸ್ವಲ್ಪ ಬಾಗಿದೆ ಎಂದು ಕಾಣುತ್ತದೆ. ನಾಳೆ ನೋಡಬೇಕು.

೧೦ ಜನವರಿ

ಸಂಜೆ ಗುಣಪಾಲರ ಬಂಗಲೆಯಲ್ಲಿ ಬಿರುದಿನ ಸಂತೋಷಕೂಟ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೋದೆ, ಇಸ್ತ್ರಿಯ ಬಿಳಿ ಪಂಚೆ, ಕರಿಕೋಟು, ಜರಿಯ ರುಮಾಲು.

ಹುಲ್ಲಿನ ಮೇಲೆ ಮೇಜು ಹಾಕಿದ್ದರು. ಯುದ್ಧ ಸಮಿತಿ ಇಡೀ ಅಲ್ಲಿತ್ತು. ಪಾದ್ರಿಗಳ ಕಡೆ ನಡೆದೆ, ಅವರು ಬೇರೆ ಯಾರನ್ನೋ ಕಂಡು ಆ ಕಡೆ ಹೋದರು. ಜಡ್ಜರಿಗೆ ನಮಸ್ಕಾರ ಮಾಡಿದೆ, ಅವರ ಕಣ್ಣು ನನ್ನ ಹೆಗಲ ಮೇಲಿನಿಂದ ಹಾದು ಗೇಟಿನ ತನಕ ಹೋಗಿ ಮರಳಿತು. ಕ್ಯಾಪ್ಟನ್ ದೊರೆ ಕೈಯಳತೆಯಲ್ಲೇ ನಿಂತು ಇನ್ನೊಬ್ಬರ ಹತ್ತಿರ, ಆ ಚುಕ್ಕೆ ಬಟ್ಟೆಯ ಮೂರ್ಖ ಈಗ ಎಲ್ಲಿದ್ದಾನೋ ಎಂದು ಕೇಳುತ್ತಿದ್ದರು. ಬಂಗಲೆಯ ಮೆಟ್ಟಿಲಿನ ಕಂಬದ ಹತ್ತಿರ ಹೋಗಿ ನಿಂತೆ. ಆಗ ಕಾರಿನಿಂದ ಇಳಿದು ಬಂದ ಹಂಚಿನ ಕಾರ್ಖಾನೆಯ ಮಾಲೀಕರು, ಗುಣಪಾಲರನ್ನು ದೂರದಿಂದಲೇ ಅಭಿನಂದಿಸುತ್ತ, ತಮ್ಮ ಟೊಪ್ಪಿ ತೆಗೆದು ನನ್ನ ಕೈಗೆ ಕೊಟ್ಟು ಹೋದರು.

ನಾನು ತೆಗೆದುಕೊಂಡೆ. ಚಾಚಿದ್ದನ್ನು ಕೈ ತಾನಾಗಿಯೇ ತೆಗೆದುಕೊಳ್ಳುತ್ತದೆ ಎಂದು ಆಗ ಗೊತ್ತಾಯಿತು. ಟೊಪ್ಪಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಇನ್ನೂ ಇಬ್ಬರು ತಮ್ಮ ಟೊಪ್ಪಿಗಳನ್ನು ಅದರ ಮೇಲಿಟ್ಟರು. ಮನೆಗೆ ಹೋಗಬೇಕೆನಿಸಿತು, ಆದರೆ ಬೇರೆಯವರ ಟೊಪ್ಪಿ ಹಿಡಿದುಕೊಂಡು ಹೋಗುವುದು ಹೇಗೆ. ನನಗೆ ಅಳು ಬಂದಿತ್ತು. ಅಳಲು ಅಡ್ಡಿಯಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ.

ಮಬ್ಬಾಗುತ್ತಿತ್ತು. ಹುಲ್ಲಿನ ಆಚೆ ಕೊನೆಯಲ್ಲಿ, ಬಾಡಿಗೆಯ ಕುರ್ಚಿಗಳನ್ನು ಗಾಡಿಯಿಂದ ಇಳಿಸುವ ಸಂಜೆಕೂಲಿಯವರ ನಡುವೆ ಒಬ್ಬ ನಿಂತು ಈ ಕಡೆ ನೋಡಿದ. ನನ್ನ ಬೆನ್ನು ಅವನ ಕಡೆಗಿತ್ತು, ಅರ್ಧ ಕಂಬದ ಹಿಂದೆ ಇದ್ದೆ. ಆದರೂ ಕುರ್ಚಿ ಕೆಳಗಿಟ್ಟು ನೇರ ನನ್ನ ಹತ್ತಿರವೇ ಬಂದ.

‘ಎಷ್ಟು ಹೊತ್ತಾಯ್ತು ಧನಿ ಹೀಗೆ ನಿಂತು?’ ಎಂದ ಬೋಜ. ‘ಇತ್ಲಾಗಿ ಕೊಡಿ ಅದನ್ನು.’

ಕೊಟ್ಟೆ, ಮುಖ ನೋಡಿಕೊಂಡೇ. ಮೂಗು ಬಾಗಿದೆ, ನಿಜ. ಎಡ ಹುಬ್ಬಿನ ನಡುವೆ ಹಳೆಯ ಗಾಯದ ಗುರುತೊಂದಿದೆ, ಕೂದಲು ಬೆಳೆಯದೆ ಹುಬ್ಬು ಎರಡಾಗಿದೆ. ದೀಪವಿಲ್ಲದೆಯೂ ಕಾಣುವಂಥದ್ದು.